ನೇತ್ರಗತವಾದ ಫಿರಂಗರೋಗದ ನಿದಾನವೂ ಚಿಕಿತ್ಸೆಯೂ

ಪಾಶ್ಚಾತ್ಯರು ಸಿಫಿಲಿಸ್ ಎಂದು ಕರೆಯುವ ರೋಗಕ್ಕೆ ನಮ್ಮ ದೇಶಭಾಷೆಗಳಲ್ಲಿ 'ಉಪದಂಶ' ಎಂಬ ಪ್ರತಿಶಬ್ದವನ್ನು ಬರೆಯುವ ರೂಢಿಯುಂಟು. ಕಾವ್ಯಗಳನ್ನು ಓದಿದವರಿಗೆ ಆ ಶಬ್ದದಿಂದ ಮೊದಲು ನೆನಪಾಗುವುದು ಪಾನದೊಡನೆ ನಂಜಿಕೊಳ್ಳುವ ವ್ಯಂಜನವೆಂಬ ಅರ್ಥ, ಅದು ಹಾಗಿರಲಿ. ವೈದ್ಯಶಾಸ್ತ್ರದಲ್ಲಿ ಉಪದಂಶವೆಂಬುದು ಗುಹ್ಯಾಂಗದಲ್ಲಿ ಹುಟ್ಟಿ ಅಲ್ಲಿಯೇ ಕೆಡುವ ಒಂದು ಸ್ಥಾನಿಕ ವ್ಯಾಧಿ. ಈ ಎರಡನ್ನೂ ಒಂದೆಂದು ಎಣಿಸುವುದು ಸರಿಯೇ ತಪ್ಪೇ ಎಂಬ ವಿಚಾರವು ಕೇವಲ ಶಬ್ದಜಿಜ್ಞಾಸೆಯಂತೆ ತೋರಬಹುದು. ಆದರೆ ಸಿಫಿಲಿಸ್ ರೋಗವು ಕಣ್ಣಿಗೆ ಏರಿದ ಸಂದರ್ಭದಲ್ಲಿ ಇದು ಶಬ್ದಮಾತ್ರದ ವಿಚಾರವಾಗಿ ಉಳಿಯುವುದಿಲ್ಲ. ಗುಹ್ಯಾಂಗದಲ್ಲಿ ನೋವಿಲ್ಲದ ಸಣ್ಣ ಹುಣ್ಣೊಂದು ಎದ್ದು, ಔಷಧವಿಲ್ಲದೆಯೇ ಮಾಯ್ದು, ತಿಂಗಳುಗಳೋ ವರ್ಷಗಳೋ ಕಳೆದ ಮೇಲೆ ಒಬ್ಬನ ದೃಷ್ಟಿ ಮಂಕಾಯಿತೆಂದು ಭಾವಿಸೋಣ. ತನಗೆ ಬಂದಿದ್ದುದು ಉಪದಂಶ, ಅದು ವಾಸಿಯಾಯಿತು ಎಂದು ನಂಬಿದವನು ಕಣ್ಣಿನ ವೈದ್ಯನ ಮುಂದೆ ಆ ಹಳೆಯ ಹುಣ್ಣಿನ ಮಾತನ್ನು ಎತ್ತುವುದೇ ಇಲ್ಲ. ಲಜ್ಜೆಯೂ ಅದಕ್ಕೆ ಸೇರಿಕೊಳ್ಳುತ್ತದೆ. ಹೀಗೆ ಚಿಕಿತ್ಸೆಯಿಂದ ತಡೆಯಬಹುದಾಗಿದ್ದ ಅಂಧತ್ವವು ತಡೆಯಿಲ್ಲದೆ ಮುಂದುವರಿಯುತ್ತದೆ.

ಮೊದಲು ಗ್ರಂಥಗಳ ವಿಚಾರವನ್ನು ನೋಡೋಣ. ಸುಶ್ರುತಸಂಹಿತೆಯ ನಿದಾನಸ್ಥಾನದ 12ನೆಯ ಅಧ್ಯಾಯದಲ್ಲಿ ವೃದ್ಧಿ, ಉಪದಂಶ, ಶ್ಲೀಪದಗಳನ್ನು ಒಟ್ಟಿಗೆ ಹೇಳಿದೆ. ಅಲ್ಲಿ ಉಪದಂಶವು ಐದು ವಿಧ: ಒಂದೊಂದು ದೋಷದಿಂದ ಒಂದೊಂದು, ಸನ್ನಿಪಾತದಿಂದ ಒಂದು, ರಕ್ತದಿಂದ ಒಂದು. ನಖದಂತಾದಿಗಳಿಂದಾದ ಕ್ಷತವೂ ಅಶೌಚವೂ ಹೇತುಗಳಲ್ಲಿ ಸೇರಿವೆ. ವ್ಯಾಧಿಯು ತಾನು ಹುಟ್ಟಿದ ಅಂಗವನ್ನೇ ಹಾಳುಮಾಡುವುದೆಂದು ವರ್ಣನೆ. ಭಾವಮಿಶ್ರನಾದರೋ ಕ್ರಿ. ಶ. 16ನೆಯ ಶತಮಾನದ ತನ್ನ ಭಾವಪ್ರಕಾಶದಲ್ಲಿ ಉಪದಂಶವನ್ನು ಅದರ ಸ್ಥಾನದಲ್ಲಿಯೇ ಉಳಿಸಿ, ಫಿರಂಗರೋಗವೆಂಬ ಬೇರೊಂದು ಅಧಿಕಾರವನ್ನು ಹೊಸದಾಗಿ ರಚಿಸಿದನು. ಫಿರಂಗದೇಶದಲ್ಲಿ ಹೆಚ್ಚಾಗಿರುವುದರಿಂದ ಈ ಹೆಸರು; ಆ ದೇಶದವರ ಸಂಸರ್ಗದಿಂದ ಬರುವ ಆಗಂತುಕ ವ್ಯಾಧಿ; ದೋಷಗಳು ಆಮೇಲೆ ಅದರಲ್ಲಿ ಸೇರಿಕೊಳ್ಳುತ್ತವೆ ಎಂಬುದು ಅವನ ಮತ. ಬಾಹ್ಯ, ಆಭ್ಯಂತರ, ಬಹಿರಂತರ್ಭವ ಎಂದು ಮೂರು ಭೇದಗಳನ್ನು ಮಾಡಿ, ಹೊಸದಾದ ಬಾಹ್ಯವು ಸಾಧ್ಯ, ಸಂಧಿಗಳನ್ನು ಹಿಡಿದ ಆಭ್ಯಂತರವು ಕಷ್ಟಸಾಧ್ಯ, ಬಹುಕಾಲ ನಿಂತು ಉಪದ್ರವಗಳೊಡನೆ ಕೂಡಿ ಒಳಹೊರಗೆ ವ್ಯಾಪಿಸಿದುದು ಅಸಾಧ್ಯ ಎಂದು ಹೇಳಿದ್ದಾನೆ. ರೋಗವು ಹೊರಗಿನಿಂದ ಒಳಕ್ಕೆ ಇಳಿದು ಬಹುಕಾಲ ನಿಲ್ಲುವುದೆಂಬ ಈ ಗ್ರಹಿಕೆಯು ಇಂದಿನ ವೈದ್ಯರು ಹೇಳುವ ಅವಸ್ಥಾಕ್ರಮಕ್ಕೆ ಬಹಳ ಸಮೀಪವಾದುದು. ಪೂರ್ವಾಚಾರ್ಯರ ಒಂದು ಶಬ್ದವನ್ನೇ ಎಳೆದು ಹಿಗ್ಗಿಸಿ ಹೊಸ ವಸ್ತುವಿಗೆ ಹೊದಿಸದೆ, ಹೊಸ ವಸ್ತುವಿಗೆ ಹೊಸ ಹೆಸರನ್ನೇ ಇಟ್ಟ ಭಾವಮಿಶ್ರನ ವಿವೇಕವನ್ನು ನಮ್ಮ ನಿಘಂಟುಕಾರರು ಗಮನಿಸಬೇಕಾಗಿತ್ತು.

ಕನ್ನಡದ ಆಡುಮಾತು ಈ ವಿಷಯದಲ್ಲಿ ನಿಘಂಟುಗಳಿಗಿಂತ ಪ್ರಾಮಾಣಿಕವಾಗಿದೆ. ಜನರು ಇದನ್ನು 'ಪರಂಗಿ ಹುಣ್ಣು' ಎಂದರು. ಭಾವಮಿಶ್ರನು ಈ ರೋಗಕ್ಕೆ ವಿಧಿಸಿದ ಚೋಪಚೀನಿಯೆಂಬ ಬೇರು ನಮ್ಮಲ್ಲಿ 'ಪರಂಗಿಚಕ್ಕೆ'. ಅದು ಚೀನದೇಶದಿಂದ ಪೋರ್ಚುಗೀಸರ ಹಡಗುಗಳ ಮೂಲಕ ಬಂದ ಮದ್ದು. ಗೋವೆಯಲ್ಲಿ 1563ರಲ್ಲಿ ಅಚ್ಚಾದ ಗಾರ್ಸಿಯಾ ದ ಓರ್ತನ ಗ್ರಂಥದಲ್ಲಿ ಇದರ ಚರ್ಚೆಯುಂಟು. ರೋಗಕ್ಕೂ ಮದ್ದಿಗೂ ಒಂದೇ ವಿಶೇಷಣ ಬಿದ್ದುದು ಸ್ವಾರಸ್ಯವಾಗಿದೆ. ನಿರಪರಾಧಿಯಾದ ಪರಂಗಿ ಹಣ್ಣೂ ಅದೇ ಗುಂಪಿಗೆ ಸೇರಿಹೋಯಿತು. ನೆರೆಯವರ ಮೇಲೆ ಹೊರಿಸುವ ಈ ಪದ್ಧತಿ ನಮ್ಮದು ಮಾತ್ರವಲ್ಲ. 1495ರಲ್ಲಿ ಫ್ರೆಂಚ್ ರಾಜನಾದ ಎಂಟನೆಯ ಚಾರ್ಲ್ಸನ ಸೈನ್ಯವು ನೇಪಲ್ಸ್ ಪಟ್ಟಣದಲ್ಲಿದ್ದಾಗ ಇದು ಹಬ್ಬಿತು. ಇಟಲಿಯವರು ಇದನ್ನು ಫ್ರೆಂಚ್ ರೋಗವೆಂದರು, ಫ್ರೆಂಚರು ನೇಪಲ್ಸಿನ ರೋಗವೆಂದರು. ಕೊನೆಗೆ ಎಲ್ಲರಿಗೂ ಒಪ್ಪಿಗೆಯಾದ ಹೆಸರು ಬಂದುದು ಒಂದು ಕಾವ್ಯದಿಂದ. ವೆರೋನದ ವೈದ್ಯಕವಿ ಫ್ರಾಕಸ್ಟೋರೊ 1530ರಲ್ಲಿ ಪ್ರಕಟಿಸಿದ ಲ್ಯಾಟಿನ್ ಕಾವ್ಯದಲ್ಲಿ ಸೂರ್ಯದೇವನ ಕೋಪಕ್ಕೆ ಗುರಿಯಾಗಿ ಈ ರೋಗವನ್ನು ಮೊದಲು ಅನುಭವಿಸಿದ ಕುರುಬನ ಹೆಸರು ಸಿಫಿಲಸ್. ವೈದ್ಯಶಾಸ್ತ್ರಕ್ಕೆ ಕವಿಕಲ್ಪಿತ ಪಾತ್ರದಿಂದ ರೋಗನಾಮ ದೊರೆತ ಇಂತಹ ಉದಾಹರಣೆಗಳು ವಿರಳ.

ಪ್ರಕೃತಕ್ಕೆ ಬರೋಣ. ಭಾವಮಿಶ್ರನು ಫಿರಂಗರೋಗದ ಉಪದ್ರವಗಳನ್ನು ಎಣಿಸುವಾಗ ಕಾರ್ಶ್ಯ, ಬಲಕ್ಷಯ, ನಾಸಾಭಂಗ, ಅಗ್ನಿಮಾಂದ್ಯ, ಅಸ್ಥಿಶೋಷ, ಅಸ್ಥಿವಕ್ರತೆ ಎಂದು ಆರನ್ನು ಹೇಳುತ್ತಾನೆ. ಮೂಗು ಕುಸಿಯುವುದನ್ನೂ ಮೂಳೆ ಡೊಂಕಾಗುವುದನ್ನೂ ಕಂಡವನು ಕಣ್ಣಿನ ಮಾತನ್ನೇ ಆಡಿಲ್ಲ. ಇದು ಅವನ ಅಲಕ್ಷ್ಯವೆಂದು ಹೇಳಲಾಗದು. ಮೂಗಿನ ಭಂಗವು ದಾರಿಹೋಕನಿಗೂ ಕಾಣುತ್ತದೆ. ಕಣ್ಣಿನ ಹಿಂಭಾಗದಲ್ಲಿ ನಡೆಯುವ ಕೇಡು ಹೊರಗೆ ಕಾಣುವುದಿಲ್ಲ. ಜೀವಂತ ಮನುಷ್ಯನ ಕಣ್ಣಿನೊಳಗನ್ನು ಬೆಳಕು ಹಾಯಿಸಿ ನೋಡುವ ಉಪಕರಣವನ್ನು ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಪ್ರಕಟಿಸಿದುದು 1851ರಲ್ಲಿ. ಅದಕ್ಕೆ ಮೊದಲು ಇಂತಹ ರೋಗಿಯ ಮಂಕುದೃಷ್ಟಿಯು ತಿಮಿರವೆಂದೋ ಲಿಂಗನಾಶವೆಂದೋ ಎಣಿಕೆಗೆ ಬರುತ್ತಿತ್ತು. ಸುಶ್ರುತನು ಉತ್ತರತಂತ್ರದಲ್ಲಿ 76 ನೇತ್ರರೋಗಗಳನ್ನು ಹೇಳಿ, ತಿಮಿರದ ಒಂದು ಅವಸ್ಥೆಯಲ್ಲಿ ರೋಗಿಗೆ ನೊಣ, ಸೊಳ್ಳೆ, ಕೂದಲು, ಜಾಲ ಇವು ಕಣ್ಣ ಮುಂದೆ ತೋರುವುವೆಂದು ವರ್ಣಿಸಿದ್ದಾನೆ. ಕಣ್ಣಿನೊಳಗಿನ ಗಾಜಿನಂಥ ರಸದಲ್ಲಿ ಉರಿಯೂತದ ಕಣಗಳು ತೇಲಿದಾಗ ಇಂದಿನ ರೋಗಿಯೂ ಇದೇ ಉಪಮಾನಗಳನ್ನು ಹೇಳುತ್ತಾನೆ. ಲಕ್ಷಣವರ್ಣನೆಯಲ್ಲಿ ಪ್ರಾಚೀನರಿಗೆ ಕೊರತೆಯಿರಲಿಲ್ಲ. ಆ ಲಕ್ಷಣವನ್ನು ಹುಟ್ಟಿಸುವ ಕಾರಣಗಳು ಅನೇಕವೆಂದು ವಿಂಗಡಿಸುವ ಸಾಧನವಿರಲಿಲ್ಲ.

ಕಾರಣವು ದೊರೆತುದು 1905ರಲ್ಲಿ. ಬರ್ಲಿನ್ ನಗರದಲ್ಲಿ ಷೌಡಿನ್, ಹಾಫ್‌ಮನ್ ಎಂಬಿಬ್ಬರು ತಿರುಪಿನ ಸುರುಳಿಯಂತಿರುವ ಅತಿಸೂಕ್ಷ್ಮವಾದ ಜಂತುವನ್ನು ಈ ರೋಗದ ಹುಣ್ಣುಗಳಲ್ಲಿ ಕಂಡರು. ಟ್ರೆಪೊನೀಮ ಪ್ಯಾಲಿಡಮ್ ಎಂದು ಅದರ ಹೆಸರು. ಅದು ದೇಹವನ್ನು ಹೊಕ್ಕ ಸ್ಥಳದಲ್ಲಿ ಸಾಮಾನ್ಯವಾಗಿ ಮೂರು ವಾರಗಳ ಸುಮಾರಿಗೆ ಹುಣ್ಣು ಕಾಣಿಸಿಕೊಂಡು ತಾನಾಗಿಯೇ ಮಾಯುತ್ತದೆ. ಅಷ್ಟರಲ್ಲಿಯೇ ಜಂತುವು ರಕ್ತದ ಮೂಲಕ ಸರ್ವಾಂಗಕ್ಕೂ ಸೇರಿರುತ್ತದೆ. ಎರಡನೆಯ ಅವಸ್ಥೆಯಲ್ಲಿ ಅಂಗೈ ಅಂಗಾಲುಗಳನ್ನೂ ಬಿಡದೆ ಮೈಮೇಲೆ ಕೆಂಪು ಗಂದೆಗಳು ಏಳಬಹುದು, ಅವೂ ಅಡಗುತ್ತವೆ. ಅನಂತರ ಹೊರಗಿನ ಲಕ್ಷಣವೇನೂ ಇಲ್ಲದ ಗುಪ್ತಾವಸ್ಥೆಯು ಎಷ್ಟೋ ವರ್ಷಗಳವರೆಗೆ ಇರಬಹುದು. ಕಣ್ಣಿಗೆ ಈ ಅವಸ್ಥೆಗಳಲ್ಲಿ ಯಾವುದರಲ್ಲಿ ಬೇಕಾದರೂ ವಿಕಾರ ಬರಬಹುದೆಂಬುದನ್ನು ವಿಶೇಷವಾಗಿ ತಿಳಿಯತಕ್ಕದ್ದು. ಬಹುಕಾಲದ ತರುವಾಯವೇ ಕಣ್ಣು ಕೆಡುವುದೆಂಬ ಭಾವನೆ ಸರಿಯಲ್ಲ.

ನೇತ್ರದಲ್ಲಿ ಇದು ಧರಿಸುವ ರೂಪಗಳು ಬಹಳ. ಅತ್ಯಂತ ಸಾಮಾನ್ಯವಾದುದು ಕಣ್ಣಿನ ಮಧ್ಯಪಟಲದ ಉರಿಯೂತ. ವೈದ್ಯರು ಇದನ್ನು ಯೂವಿಯೈಟಿಸ್ ಎನ್ನುತ್ತಾರೆ. ಮುಂಭಾಗದಲ್ಲಿ ಬಂದರೆ ಕೆಂಪು, ನೋವು, ಬೆಳಕನ್ನು ಸಹಿಸಲಾರದಿರುವಿಕೆ. ಹಿಂಭಾಗದಲ್ಲಿ ಬಂದರೆ ನೋವಿಲ್ಲದೆ ಮಸುಕು, ತೇಲುವ ಚುಕ್ಕೆಗಳು, ನೋಟದ ನಡುವೆ ಒಂದು ಕಪ್ಪು ಕಲೆ. ಬಿಂಬವು ಬೀಳುವ ಒಳಪಟಲವಾದ ರೆಟಿನದ ನಡುಭಾಗದಲ್ಲಿ ಹಳದಿಮಿಶ್ರಿತವಾದ ದೊಡ್ಡ ಮಚ್ಚೆ ಕಂಡರೂ, ಅದರ ಮೇಲ್ಮೈಯಲ್ಲಿ ರವೆ ಚೆಲ್ಲಿದಂತೆ ಬಿಳಿಯ ಕಣಗಳು ಕಂಡರೂ, ಬಲ್ಲ ನೇತ್ರವೈದ್ಯನು ಈ ರೋಗವನ್ನು ಕೂಡಲೆ ಶಂಕಿಸುತ್ತಾನೆ. ದೃಷ್ಟಿನರವೇ ಊದಿಕೊಳ್ಳುವುದುಂಟು, ಚಿಕಿತ್ಸೆಯಿಲ್ಲದೆ ಹೋದರೆ ಅದು ಒಣಗಿ ಬಿಳುಪಾಗುತ್ತದೆ, ಒಣಗಿದ ನರವು ಮತ್ತೆ ಚಿಗುರುವುದಿಲ್ಲ. ಎಡಿನ್‌ಬರೋ ನಗರದ ಆರ್ಗೈಲ್ ರಾಬರ್ಟ್‌ಸನ್ 1869ರಲ್ಲಿ ವರ್ಣಿಸಿದ ಲಕ್ಷಣವೊಂದು ಪ್ರಸಿದ್ಧವಾಗಿದೆ: ಪಾಪೆಗಳು ಕಿರಿದಾಗಿರುತ್ತವೆ, ಬೆಳಕು ಬಿದ್ದರೆ ಕುಗ್ಗುವುದಿಲ್ಲ, ಹತ್ತಿರದ ವಸ್ತುವನ್ನು ನೋಡುವಾಗ ಮಾತ್ರ ಕುಗ್ಗುತ್ತವೆ. ರೋಗವು ಮಿದುಳಿನ ಕಡೆಗೂ ಹೋಗಿದೆಯೆಂಬುದಕ್ಕೆ ಇದು ಸೂಚನೆ.

ಇನ್ನು ತಾಯಿಯಿಂದ ಗರ್ಭಸ್ಥ ಶಿಶುವಿಗೆ ಬಂದ ರೋಗ. ಲಂಡನ್ನಿನ ಹಚಿನ್‌ಸನ್ 1863ರ ತನ್ನ ಗ್ರಂಥದಲ್ಲಿ ಇದರ ನೇತ್ರಕರ್ಣವಿಕಾರಗಳನ್ನು ವಿಸ್ತರಿಸಿದನು. ಮುಂದಿನ ಬಾಚಿಹಲ್ಲುಗಳ ಅಂಚಿನಲ್ಲಿ ಕಚ್ಚು, ಕಿವುಡು, ಕಣ್ಣಿನ ಪಾರದರ್ಶಕ ಪಟಲದ ಮಬ್ಬು ಎಂಬ ಮೂರನ್ನು ಇಂದಿಗೂ ಅವನ ಹೆಸರಿನಿಂದ ಕರೆಯುತ್ತಾರೆ. ಹುಟ್ಟಿದಾಗ ಸ್ವಚ್ಛವಾಗಿದ್ದ ಕಣ್ಣು ಸಾಮಾನ್ಯವಾಗಿ 5 ರಿಂದ 20 ವರ್ಷಗಳೊಳಗೆ ಉಜ್ಜಿದ ಗಾಜಿನಂತೆ ಮಸುಕಾಗುತ್ತದೆ. ಇಲ್ಲಿ ಜಂತುವಿಗಿಂತಲೂ ದೇಹವು ಅದರ ವಿರುದ್ಧ ತೋರುವ ಪ್ರತಿಕ್ರಿಯೆಯೇ ಕೇಡಿಗೆ ಕಾರಣವಾದುದರಿಂದ, ಜಂತುನಾಶಕವಾದ ಔಷಧ ಮಾತ್ರದಿಂದ ಮಬ್ಬು ತಿಳಿಯಾಗುವುದಿಲ್ಲ. ಉರಿಯೂತವನ್ನು ಶಮನಗೊಳಿಸುವ ಕಣ್ಣಹನಿಗಳೂ ಬೇಕಾಗುತ್ತವೆ. ಗರ್ಭಿಣಿಯರ ರಕ್ತವನ್ನು ಮೊದಲೇ ಪರೀಕ್ಷಿಸಿ ಚಿಕಿತ್ಸೆ ಮಾಡಿದರೆ ಈ ಪ್ರಸಂಗವೇ ಒದಗದು.

ಇಷ್ಟು ರೂಪಗಳಲ್ಲಿ ಒಂದೂ ಈ ರೋಗಕ್ಕೆ ಮಾತ್ರ ಮೀಸಲಾದುದಲ್ಲ. ಕ್ಷಯ, ಕುಷ್ಠ, ಟಾಕ್ಸೊಪ್ಲಾಸ್ಮ ಎಂಬ ಜಂತುವಿನ ಸೋಂಕು, ಸಂಧಿವಾತದ ಕೆಲವು ಭೇದಗಳು, ಇವೂ ಮಧ್ಯಪಟಲವನ್ನು ಇದೇ ರೀತಿ ಕೆಡಿಸುತ್ತವೆ. ಆದಕಾರಣ ಕಣ್ಣನ್ನು ಎಷ್ಟು ಸೂಕ್ಷ್ಮವಾಗಿ ನೋಡಿದರೂ ನಿರ್ಣಯವು ರಕ್ತದಲ್ಲಿಯೇ ಆಗಬೇಕು. ಕಾರಣ ತಿಳಿಯದ ಇಂತಹ ಉರಿಯೂತವನ್ನು ಕಂಡೊಡನೆ, ರೋಗಿಯು ಎಷ್ಟೇ ಗೌರವಸ್ಥನಾಗಿರಲಿ, ವಯಸ್ಸು ಎಷ್ಟೇ ಆಗಿರಲಿ, ರಕ್ತಪರೀಕ್ಷೆಯನ್ನು ಮಾಡಿಸುವುದು ನೇತ್ರವೈದ್ಯರ ಪದ್ಧತಿ. ಇದರಲ್ಲಿ ರೋಗಿಯ ಶೀಲದ ವಿಚಾರಣೆಯೇನೂ ಇಲ್ಲ.

ರಕ್ತಪರೀಕ್ಷೆಗಳಲ್ಲಿ ಎರಡು ಜಾತಿ. ಇವುಗಳ ಭೇದವು ನಮ್ಮ ತರ್ಕಶಾಸ್ತ್ರದ ವಿದ್ಯಾರ್ಥಿಗಳಿಗೆ ಪ್ರಿಯವಾಗತಕ್ಕದ್ದು. ಮೊದಲನೆಯ ಜಾತಿಯು 1906ರ ವಾಸರ್‌ಮನ್ ಪರೀಕ್ಷೆಯ ಸಂತತಿ. ಇಂದು ಬಳಕೆಯಲ್ಲಿರುವ ವಿ. ಡಿ. ಆರ್. ಎಲ್., ಆರ್. ಪಿ. ಆರ್. ಎಂಬವು ಇದಕ್ಕೆ ಸೇರಿದವು. ಇವು ಜಂತುವಿಗೆ ವಿರುದ್ಧವಾದ ಪ್ರತಿಕಾಯಗಳನ್ನು ನೇರವಾಗಿ ಹುಡುಕುವುದಿಲ್ಲ. ಧಾತುಗಳು ಕೆಟ್ಟಾಗ ಹುಟ್ಟುವ, ಕಾರ್ಡಿಯೋಲಿಪಿನ್ ಎಂಬ ಕೊಬ್ಬಿನೊಡನೆ ಕೂಡುವ ಪ್ರತಿಕಾಯಗಳನ್ನು ತೋರಿಸುತ್ತವೆ. ಹೇತುವು ಇಲ್ಲಿ ಸವ್ಯಭಿಚಾರ: ಕುಷ್ಠ, ಮಲೇರಿಯ, ಗರ್ಭಾವಸ್ಥೆ ಮೊದಲಾದವುಗಳಲ್ಲಿಯೂ ಪರೀಕ್ಷೆಯು 'ಉಂಟು' ಎನ್ನಬಹುದು. ರೋಗವು ಹಳೆಯದಾದಾಗ ಇದ್ದರೂ 'ಇಲ್ಲ' ಎನ್ನಬಹುದು. ಪ್ರತಿಕಾಯಗಳು ಮಿತಿಮೀರಿ ಹೆಚ್ಚಿದ್ದಾಗಲೂ ಪರೀಕ್ಷೆ ಸುಳ್ಳಾಗಿ 'ಇಲ್ಲ' ಎನ್ನುವ ವಿಚಿತ್ರವುಂಟು; ರಕ್ತರಸವನ್ನು ತೆಳುಮಾಡಿ ಪುನಃ ನೋಡಿದರೆ ನಿಜವು ಹೊರಪಡುತ್ತದೆ. ಎರಡನೆಯ ಜಾತಿಯು ಜಂತುವಿಗೇ ವಿರುದ್ಧವಾದ ಪ್ರತಿಕಾಯಗಳನ್ನು ಹುಡುಕುವುದು, ಟಿ. ಪಿ. ಎಚ್. ಎ. ಮುಂತಾದವು ಇದರಲ್ಲಿ ಸೇರಿವೆ. ಇದರಲ್ಲಿ ವ್ಯಭಿಚಾರವು ಕಡಮೆ. ಆದರೆ ರೋಗವು ವಾಸಿಯಾದ ಮೇಲೆಯೂ ಸಾಮಾನ್ಯವಾಗಿ ಜೀವಮಾನವೆಲ್ಲ 'ಉಂಟು' ಎಂದೇ ಹೇಳುವುದರಿಂದ, ಇದು ಈಗಿನ ರೋಗವೋ ಹಿಂದಿನದೋ ಎಂಬುದು ಇದರಿಂದ ತಿಳಿಯದು. ಎರಡನ್ನೂ ಕೂಡಿಸಿ ಓದಿದಾಗಲೇ ಅರ್ಥಸಿದ್ಧಿ. ಕಣ್ಣಿನ ವಿಷಯದಲ್ಲಿ ಮೊದಲನೆಯದನ್ನೊಂದನ್ನೇ ನಂಬಿ ಕೈಬಿಟ್ಟರೆ ಹಳೆಯ ರೋಗವು ತಪ್ಪಿಸಿಕೊಳ್ಳುತ್ತದೆ. ಇವುಗಳೊಡನೆ ಎಚ್. ಐ. ವಿ. ಪರೀಕ್ಷೆಯನ್ನೂ ಮಾಡಿಸುತ್ತಾರೆ, ಎರಡೂ ಒಂದೇ ಮಾರ್ಗದಿಂದ ಬರುವ ಸೋಂಕುಗಳು.

ಮಿದುಳು ಬೆನ್ನುಹುರಿಗಳನ್ನು ಸುತ್ತಿರುವ ದ್ರವವನ್ನು ತೆಗೆದು ನೋಡಬೇಕೇ ಎಂಬುದು ಮುಂದಿನ ಪ್ರಶ್ನೆ. ರೆಟಿನವೂ ದೃಷ್ಟಿನರವೂ ಮಿದುಳಿನಿಂದಲೇ ಹೊರಟ ಶಾಖೆಗಳಾದುದರಿಂದ ಪೂರ್ವದಲ್ಲಿ ಎಲ್ಲ ರೋಗಿಗಳಿಗೂ ಈ ಪರೀಕ್ಷೆಯನ್ನು ವಿಧಿಸುತ್ತಿದ್ದರು. ಅಮೆರಿಕದ ರೋಗನಿಯಂತ್ರಣ ಕೇಂದ್ರದವರು 2021ರ ತಮ್ಮ ಸೂಚನೆಗಳಲ್ಲಿ ಇದನ್ನು ಸಡಿಲಿಸಿದರು: ಕಣ್ಣಿನ ವಿಕಾರವು ಪರೀಕ್ಷೆಯಿಂದ ದೃಢಪಟ್ಟು, ರಕ್ತವೂ ಸಾಕ್ಷಿ ಹೇಳಿ, ನರಗಳ ಬೇರೆ ಲಕ್ಷಣಗಳಿಲ್ಲದಿದ್ದರೆ ದ್ರವಪರೀಕ್ಷೆಗಾಗಿ ಚಿಕಿತ್ಸೆಯನ್ನು ನಿಲ್ಲಿಸಬೇಕಾಗಿಲ್ಲ. ದ್ರವವು ನಿರ್ದೋಷವಾಗಿ ಕಂಡಿತೆಂಬ ಮಾತ್ರದಿಂದ ಕಣ್ಣಿನ ರೋಗವು ಇಲ್ಲವೆಂದಾಗದು.

ಚಿಕಿತ್ಸೆಯ ಚರಿತ್ರೆಯಲ್ಲಿ ಒಂದು ದಾರುಣವಾದ ಭಾಗವುಂಟು. ಭಾವಮಿಶ್ರನು ರಸಕರ್ಪೂರವನ್ನು ಗೋಧಿಹಿಟ್ಟಿನೊಳಗೆ ಮುಚ್ಚಿ ಹಲ್ಲಿಗೆ ತಾಕದಂತೆ ನುಂಗಿಸಬೇಕೆಂದು ಹೇಳಿದ್ದಾನೆ. ಪಾದರಸವು ಬಾಯನ್ನು ಕೆಡಿಸುವುದೆಂಬ ಅರಿವು ಅವನಿಗಿತ್ತು. ಯೂರೋಪಿನಲ್ಲಿಯೂ 400 ವರ್ಷಗಳ ಕಾಲ ಪಾದರಸವೇ ಗತಿಯಾಗಿತ್ತು. ತರುವಾಯ ಸೋಮಲದ ಸಂಯುಕ್ತಗಳು ಬಂದವು. ಅವುಗಳಲ್ಲಿ ಅಟಾಕ್ಸಿಲ್ ಎಂಬುದನ್ನು ಕಾಖ್ ಎಂಬ ಪ್ರಸಿದ್ಧ ಜರ್ಮನ್ ವಿಜ್ಞಾನಿಯು 1906-07ರಲ್ಲಿ ಪೂರ್ವ ಆಫ್ರಿಕದಲ್ಲಿ ನಿದ್ರಾರೋಗಿಗಳಿಗೆ ಕೊಟ್ಟಾಗ ಕೆಲವರು ಶಾಶ್ವತವಾಗಿ ಕುರುಡರಾದರು. ಔಷಧವೇ ದೃಷ್ಟಿನರವನ್ನು ಒಣಗಿಸಿತ್ತು. ಎರ್ಲಿಖ್ ಮತ್ತು ಜಪಾನಿನ ಹಾತ ಇವರ ಶ್ರಮದಿಂದ 1910ರಲ್ಲಿ ಸಾಲ್ವರ್ಸಾನ್ ಬಳಕೆಗೆ ಬಂದಿತು. ಅದು ಫಿರಂಗರೋಗದಲ್ಲಿ ನಿಜವಾಗಿಯೂ ಗುಣಕಾರಿ. ಆದರೂ ಮಿದುಳಿಗೆ ಏರಿದ ರೋಗಕ್ಕಾಗಿ ಅನಂತರ ಬಳಸಿದ ಟ್ರಿಪಾರ್ಸಮೈಡ್ ಎಂಬ ಇನ್ನೊಂದು ಸೋಮಲಯೋಗವು ಪುನಃ ದೃಷ್ಟಿನರಕ್ಕೆ ಅಪಾಯಕಾರಿಯೆಂದು ಕಂಡಿತು. ಹೀಗೆ ಕಣ್ಣಿನ ಫಿರಂಗರೋಗಿಯು ರೋಗದಿಂದಲೂ ಮದ್ದಿನಿಂದಲೂ ಸಮಾನವಾಗಿ ಭಯಪಡಬೇಕಾದ ಕಾಲವೊಂದಿತ್ತು. 1943ರಲ್ಲಿ ಅಮೆರಿಕದ ಮಹೋನಿ ಮತ್ತು ಸಹಚರರು ನಾಲ್ವರು ರೋಗಿಗಳಿಗೆ ಪೆನಿಸಿಲಿನ್ ಕೊಟ್ಟು ಗುಣವನ್ನು ಕಂಡರು. ಅಂದಿನಿಂದ ಇಂದಿನವರೆಗೆ ಈ ಜಂತುವು ಪೆನಿಸಿಲಿನ್ನಿಗೆ ಎದುರುನಿಲ್ಲುವ ಶಕ್ತಿಯನ್ನು ಪಡೆದುದು ಕಂಡುಬಂದಿಲ್ಲ. ಇತರ ಜಂತುಗಳ ಚರಿತ್ರೆಯನ್ನು ಬಲ್ಲವರಿಗೆ ಇದು ಆಶ್ಚರ್ಯ.

ಮೊದಲಿನ ಅವಸ್ಥೆಗಳ ಸಾಮಾನ್ಯ ರೋಗಿಗೆ ಬೆಂಜಥೀನ್ ಪೆನಿಸಿಲಿನ್ 24 ಲಕ್ಷ ಯೂನಿಟ್‌ಗಳ ಒಂದೇ ಚುಚ್ಚುಮದ್ದು ಸಾಕು. ಕಣ್ಣಿನ ರೋಗಿಗೆ ಅದು ಸಾಲದು. ಆ ಮದ್ದು ಮಾಂಸದಿಂದ ಮೆಲ್ಲಮೆಲ್ಲನೆ ರಕ್ತಕ್ಕೆ ಇಳಿಯುವುದರಿಂದ ಕಣ್ಣು ಮಿದುಳುಗಳನ್ನು ಕಾಯುವ ತಡೆಯನ್ನು ದಾಟಿ ಬೇಕಾದಷ್ಟು ಪ್ರಮಾಣದಲ್ಲಿ ಒಳಗೆ ಸೇರಲಾರದು. ಆದಕಾರಣ ಮಿದುಳಿನ ಫಿರಂಗರೋಗಕ್ಕೆ ಮಾಡುವ ಚಿಕಿತ್ಸೆಯನ್ನೇ ಇಲ್ಲಿಯೂ ಮಾಡತಕ್ಕದ್ದು: ಜಲದಲ್ಲಿ ಕರಗುವ ಸ್ಫಟಿಕರೂಪದ ಪೆನಿಸಿಲಿನ್ ಜಿ, ದಿನಕ್ಕೆ 1 ಕೋಟಿ 80 ಲಕ್ಷದಿಂದ 2 ಕೋಟಿ 40 ಲಕ್ಷ ಯೂನಿಟ್‌ಗಳು, ನಾಲ್ಕು ಗಂಟೆಗಳಿಗೊಮ್ಮೆ 30 ರಿಂದ 40 ಲಕ್ಷದಂತೆ, ಅಥವಾ ಎಡೆಬಿಡದೆ ರಕ್ತನಾಳದ ಮೂಲಕ, 10 ರಿಂದ 14 ದಿನಗಳು. ಜಂತುವು ಒಂದರಿಂದ ಎರಡಾಗಲು 30 ಗಂಟೆಗಳಿಗೂ ಮಿಕ್ಕಿ ಹಿಡಿಯುತ್ತದೆ. ಬೆಳೆಯುವಾಗಲೇ ಅದನ್ನು ಕೊಲ್ಲುವ ಪೆನಿಸಿಲಿನ್ನಿನ ಮಟ್ಟವನ್ನು ಅಷ್ಟು ದಿನ ಇಳಿಯಗೊಡದಿರುವುದು ಇದರ ಮರ್ಮ. ಪೆನಿಸಿಲಿನ್ ಒಗ್ಗದವರಿಗೆ ಸೆಫ್ಟ್ರಯಾಕ್ಸೋನ್ ಎಂಬುದನ್ನು ಕೊಡುವುದುಂಟು. ಒಗ್ಗದಿರುವಿಕೆಯನ್ನೇ ಆಸ್ಪತ್ರೆಯಲ್ಲಿ ಕ್ರಮವಾಗಿ ತಗ್ಗಿಸಿ ಪೆನಿಸಿಲಿನ್ ಕೊಡುವ ವಿಧಾನವೂ ಇದೆ. ಚಿಕಿತ್ಸೆ ಆರಂಭವಾದ ಮೊದಲ ದಿನ ಜ್ವರ, ತಲೆನೋವು ಬರಬಹುದು. ಸಾಯುವ ಜಂತುಗಳಿಂದ ಉಂಟಾಗುವ ಈ ಪ್ರತಿಕ್ರಿಯೆಯನ್ನು ಕಂಡು ಔಷಧವನ್ನು ನಿಲ್ಲಿಸಬಾರದು.

ಇಲ್ಲಿ ಸಂಭವಿಸುವ ದೊಡ್ಡ ಪ್ರಮಾದವು ಸ್ಟೀರಾಯ್ಡುಗಳ ವಿಷಯದಲ್ಲಿ. ಉರಿಯೂತವನ್ನು ಅಡಗಿಸುವ ಈ ಔಷಧಗಳು ಯೂವಿಯೈಟಿಸ್ ಎಂದು ಹೇಳಿದೊಡನೆ ಎಲ್ಲೆಡೆಯೂ ಬಳಕೆಯಾಗುತ್ತವೆ. ರಕ್ತಪರೀಕ್ಷೆಯಿಲ್ಲದೆ, ಪೆನಿಸಿಲಿನ್ನಿನ ರಕ್ಷಣೆಯಿಲ್ಲದೆ ಇವನ್ನೇ ಕೊಟ್ಟರೆ ಕೆಂಪು ಕೆಲವು ದಿನ ತಗ್ಗಿದಂತೆ ತೋರಿ, ದೇಹದ ಪ್ರತಿರೋಧವು ಕುಂದಿ, ಒಳಗಿನ ಜಂತುಗಳಿಗೆ ಅಡ್ಡಿಯಿಲ್ಲದಂತಾಗುತ್ತದೆ. ರೋಗನಿರ್ಣಯವಾದ ಬಳಿಕ ಪೆನಿಸಿಲಿನ್ನಿನೊಡನೆ ಸ್ಟೀರಾಯ್ಡು ಹನಿಗಳನ್ನು ಸೇರಿಸುವುದು ಬೇರೆ ಮಾತು. ವಾಸಿಯಾದುದನ್ನು ತಿಳಿಯಲು ಮೊದಲನೆಯ ಜಾತಿಯ ರಕ್ತಪರೀಕ್ಷೆಯೇ ಪ್ರಮಾಣ: ರಕ್ತರಸವನ್ನು 64 ಪಾಲು ತೆಳುಮಾಡಿದಾಗಲೂ ಕಾಣುತ್ತಿದ್ದುದು ತಿಂಗಳುಗಳು ಕಳೆದಂತೆ 16 ಪಾಲಿಗೆ ಇಳಿದರೆ, ಅಂದರೆ ನಾಲ್ಕನೆಯ ಒಂದು ಭಾಗವಾದರೆ, ಔಷಧವು ಫಲಿಸಿತೆಂದು ಎಣಿಸುತ್ತಾರೆ. ಸಂಗಾತಿಗಳಿಗೂ ಪರೀಕ್ಷೆಯಾಗಬೇಕು.

ಈ ರೋಗವು ಗತಕಾಲದ್ದಾಯಿತೆಂದು ಒಂದು ತಲೆಮಾರಿನ ವೈದ್ಯರು ನಂಬಿದ್ದರು. 2014ರ ಡಿಸೆಂಬರಿನಿಂದ 2015ರ ಮಾರ್ಚಿಯೊಳಗೆ ಅಮೆರಿಕದ ಸಿಯಾಟಲ್, ಸ್ಯಾನ್‌ಫ್ರಾನ್ಸಿಸ್ಕೋ ನಗರಗಳಿಂದ ನೇತ್ರಗತ ಫಿರಂಗರೋಗದ 12 ರೋಗಿಗಳ ವಾರ್ತೆ ಬಂದಿತು. ಹುಡುಕಿದಾಗ ಎರಡು ವರ್ಷಗಳಲ್ಲಿ 20 ಸಂಸ್ಥಾನಗಳಿಂದ 200ಕ್ಕೂ ಮಿಕ್ಕಿ ದೊರೆತವು. 2022ರಲ್ಲಿ ಮಿಚಿಗನ್ ಸಂಸ್ಥಾನದ ನೈಋತ್ಯಭಾಗದಲ್ಲಿ ಐವರು ಸ್ತ್ರೀಯರಿಗೆ ಕಣ್ಣಿನ ಫಿರಂಗರೋಗ ಬಂದುದನ್ನು ಕಂಡು ವಿಚಾರಿಸಲಾಗಿ, ಐವರಿಗೂ ಸಂಬಂಧವಿದ್ದ ಪುರುಷನು ಒಬ್ಬನೇ ಎಂದು ತಿಳಿಯಿತು. ಅವರಾರಿಗೂ ಎಚ್. ಐ. ವಿ. ಇರಲಿಲ್ಲ. ಕಣ್ಣನ್ನೇ ವಿಶೇಷವಾಗಿ ಹಿಡಿಯುವ ಜಂತುಭೇದವೊಂದು ಇರಬಹುದೆಂಬ ಶಂಕೆ ಅಲ್ಲಿಯ ವಿಚಾರಕರಿಗೆ ಬಂದಿತು. ಐವರಿಗೂ ರಕ್ತನಾಳದ ಮೂಲಕ ಪೆನಿಸಿಲಿನ್ ಕೊಟ್ಟು, ಆ ಪುರುಷನಿಗೂ ಚಿಕಿತ್ಸೆ ಮಾಡಿದ ತರುವಾಯ ಆ ಸಂಬಂಧದ ಹೊಸ ರೋಗಿಗಳು ಕಂಡುಬರಲಿಲ್ಲ.